ಸೈಕಲ್ ತುಳಿಯಲು ಬರತಕ್ಕದ್ದು

ಅರ್ಜಿಯ ಕೊನೆಗೆ, ಸಣ್ಣಕ್ಷರದಲ್ಲಿ:
ಅಭ್ಯರ್ಥಿಗೆ ಸೈಕಲ್ ತುಳಿಯಲು ಬರತಕ್ಕದ್ದು.
ಹತ್ತನೇ ಕ್ಲಾಸಿನ ಗಣಿತ ಇತ್ತು, ಕನ್ನಡ ಇತ್ತು,
ಬ್ಯಾಲೆನ್ಸ್ ಒಂದಿರಲಿಲ್ಲ.
'ಬರುತ್ತದೆ' ಅಂತ ಟಿಕ್ ಹಾಕಿಬಿಟ್ಟೆ.

ಆಗ ಮೂವತ್ತೆರಡು ನನಗೆ.
ಬಾಗಲಗುಂಟೆಯ ನೀರಿನ ಟ್ಯಾಂಕಿನ ಹಿಂದೆ ಖಾಲಿ ಸೈಟು,
ಯಾರೋ ಮನೆ ಕಟ್ಟಲೆಂದು ತಂದು ಮರೆತ ಜಲ್ಲಿರಾಶಿ.
ಗುರುಗಳು ಪಕ್ಕದ ಮನೆ ತಬಸ್ಸುಮ್, ಆರನೇ ಕ್ಲಾಸು;
ದಕ್ಷಿಣೆ, ಪಾಠಕ್ಕೊಂದು ದಿಲ್‌ಪಸಂದ್ ತುಂಡು.
'ಆಂಟಿ, ಚಕ್ರ ನೋಡ್ಬೇಡಿ, ಆ ಗೇಟ್ ನೋಡಿ.'
ನಾನು ಚಕ್ರವನ್ನೇ ನೋಡಿದೆ.
ಮೊಣಕೈಯಲ್ಲಿ ಇನ್ನೂ ಇದೆ ಜಲ್ಲಿಯ ಮುದ್ರೆ,
ತಾರೀಖು ಅಳಿಸಿದೆ.

ಕೆಲಸ ಸಿಕ್ಕಿದ ಮೇಲೆ ತಿಳಿಯಿತು,
ಕೆಲಸದ ತನಕ ಹೋಗಲು ಏನೇನು ಬರತಕ್ಕದ್ದೆಂದು
ಯಾವ ಅರ್ಜಿಯೂ ಕೇಳುವುದಿಲ್ಲ.
ಆರೂಕಾಲರ ಬಸ್ಸಿಗೆ ಓಡಲು ಬರಬೇಕು,
ಸೊನ್ನೆ ರೂಪಾಯಿ ಟಿಕೆಟ್ ಹಿಡಿದು
ಕಂಡಕ್ಟರನ ಗೊಣಗಾಟ ಕೇಳಿಸದಂತಿರಬೇಕು,
ಗೊರಗುಂಟೆಪಾಳ್ಯದಲ್ಲಿ ಲಾರಿಗಳ ನಡುವೆ ದಾಟಿ
ಇನ್ನೊಂದು ಬಸ್ಸಿನಲ್ಲಿ, ಒಂಟಿಗಾಲಲ್ಲಿ,
ಯಾರದೋ ಟಿಫಿನ್ ಕ್ಯಾರಿಯರ್ ಬೆನ್ನಿಗೊತ್ತಿಕೊಂಡು
ನಿದ್ದೆ ಮಾಡಲೂ ಬರಬೇಕು.

ಮತ್ತೀಕೆರೆ ಆಫೀಸಿನ ಗೋಡೆಗೆ ಒರಗಿದೆ ಸೈಕಲ್ಲು.
ಅದರ ಮೇಲೆ ಕೂತಾಗಲೇ ಕಾಲಿಗೆ ವಿಶ್ರಾಂತಿ.
ಮೂರನೇ ಕ್ರಾಸಿನ ಪಕ್ಕ ಹನ್ನೊಂದನೆಯದು,
ನಡುವಿನವು ಎಲ್ಲಿವೆ ಎಂದು ಹಳೇ ಬೀಟಿನ ನರಸಯ್ಯನವರಿಗೆ ಗೊತ್ತಿತ್ತು,
ಅವರು ರಿಟೈರಾದರು.

ಈಗ ಕಾಗದ ಕಡಿಮೆ. ಬ್ಯಾಂಕಿನ ಲಕೋಟೆ, ಕೋರ್ಟು ನೋಟೀಸು,
ದಿನಕ್ಕೆ ಆರೇಳು ಡ್ರೈವಿಂಗ್ ಲೈಸೆನ್ಸು.
ಹದಿನೆಂಟು ತುಂಬಿದ ಹುಡುಗರು
ಚಡ್ಡಿಯಲ್ಲೇ ಓಡಿಬಂದು ಸಹಿ ಹಾಕುತ್ತಾರೆ,
ಲಕೋಟೆ ಅಲ್ಲೇ ಹರಿದು
ತಮ್ಮ ಫೋಟೋ ನೋಡಿ ಪೆಚ್ಚಾಗುತ್ತಾರೆ.

ಕಳೆದ ವರ್ಷ ನಾನೂ ಎಂಟು ಬಿಡಿಸಿದೆ,
ಸಾಲದ ಸ್ಕೂಟರಿನಲ್ಲಿ, ಕಾಲು ಊರದೆ, ಗೇಟನ್ನೇ ನೋಡುತ್ತ.
ತಿಂಗಳಾಯಿತು, ಲೈಸೆನ್ಸು ಬರಲೇ ಇಲ್ಲ.

ರಜೆ ಹಾಕಿ ನಮ್ಮ ಏರಿಯಾದ ಅಂಚೆ ಕಚೇರಿಗೆ ಹೋದೆ.
ಕೌಂಟರಿನಾಚೆ ಎಳೆಯ ಹುಡುಗ, ಹೊಸಬ,
ಹೆಲ್ಮೆಟ್ಟಿನ ಗೆರೆ ಹಣೆಯಲ್ಲಿ ಇನ್ನೂ ಕೆಂಪು.
ಲಕೋಟೆಯ ಬೆನ್ನಿಗೆ ಅವನದೇ ಅಕ್ಷರ:
ಬಾಗಿಲು ಹಾಕಿದೆ. ಬಾಗಿಲು ಹಾಕಿದೆ.
'ನಾಲ್ಕನೇ ಮಹಡಿ ಹತ್ತಿ ಬಂದೆ, ಮೇಡಂ, ಎರಡು ಸಲ.
ಹಗಲೆಲ್ಲ ಎಲ್ಲಿ ಹೋಗ್ತೀರಿ ನೀವು?'

ಸಹಿ ಹಾಕಿದೆ.
ಹೇಳಲಿಲ್ಲ.