ಎಡ ಅಂಚಿನ ಮೊಣಕೈ

ಚಿಯಾತುರದ ಕಣಿವೆಯ ಮೇಲೆ
ಆ ಕೇಬಲ್ ಕಾರು, ತುಕ್ಕು ಹಿಡಿದ ತೊಟ್ಟಿಲು,
ಚೌಕಟ್ಟಿನ ಬಲಮೂಲೆಗೆ ಬರಲೆಂದು
ಕಾದೆ, ಮುಕ್ಕಾಲು ಗಂಟೆ.

ಕೆಳಗೆ ಮ್ಯಾಂಗನೀಸು ತೊಳೆದು ಕಪ್ಪಾದ ಹೊಳೆ,
ಆಚೆ ಬಂಡೆಗೆ ಅಂಟಿದ ಮನೆಗಳು,
ನಡುವೆ ಬರೀ ಬಿಳಿ ಆಕಾಶ.
ಆ ಬಿಳಿಯನ್ನೇ ಮುಕ್ಕಾಲು ಪಾಲು ಸುರಿದುಕೊಂಡು
ತೊಟ್ಟಿಲಿಗೆ ಉಗುರಗಲ ಜಾಗ ಬಿಟ್ಟೆ.
ಉಸಿರು ಬಿಗಿಹಿಡಿದೆ. ಒತ್ತಿದೆ.

ಗುರುವಾರ, ಔಷಧಿ ಅಂಗಡಿಯ ಮೇಲಿನ ಕೋಣೆ.
ನಾವು ಏಳು ಜನ, ಒಂದು ಹೀಟರು, ಒಂದು ಹೂಜಿ ದ್ರಾಕ್ಷಾರಸ.
ಚಿತ್ರ ಗೋಡೆಗೆ ಆನಿಸಿದೊಡನೆ ಮಾತು ನಿಂತಿತು,
ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ.

"ಬಿಳಿ ಹೆಚ್ಚಾಯಿತು" ಎಂದ ತೆಂಗಿಜ್,
ಗಣಿಯಲ್ಲಿ ಮೂವತ್ತು ವರ್ಷ ಕತ್ತಲು ಕಂಡವನು.
"ಸಾಲದು" ಎಂದಳು ನಾನುಲಿ, ಅವನು ಬಾಯಿ ಮುಚ್ಚುವ ಮೊದಲೇ.
ಗೊದೆರ್ಜಿ ಏನೂ ಅನ್ನಲಿಲ್ಲ. ಎದ್ದು ಬಂದು
ಎಡ ಅಂಚಿನ ಮೇಲೆ ಹೆಬ್ಬೆರಳಿಟ್ಟ.
"ಈಗ ನೋಡು."

ಅಲ್ಲೊಂದು ಮೊಣಕೈ ಇತ್ತು.
ನೀಲಿ ಉಣ್ಣೆಯದು, ತೇಪೆ ಹಾಕಿದ್ದು.
ನಾನು ಕಂಡಿರಲಿಲ್ಲ; ಕ್ಯಾಮೆರಾ ಕಂಡಿತ್ತು.

ಹೆಬ್ಬೆರಳಡಿ ಅದು ಮಾಯವಾದದ್ದೇ ತಡ
ತೊಟ್ಟಿಲು ತಟಕ್ಕನೆ ಒಂಟಿಯಾಯಿತು.
ಅವನದು ಸರಿ. ಅದಕ್ಕೇ ಮೈ ಉರಿಯಿತು.
ಬೆಳಕು ಹಾಗಿತ್ತು, ಗಾಳಿ ಹೀಗಿತ್ತು,
ಕುಣಿಯಲಾರದವಳು ನಾನು, ನೆಲ ಡೊಂಕೆಂದೆ.

ರಾತ್ರಿ ಅಡುಗೆಮನೆ ಮೇಜಿನ ಮೇಲೆ
ನನ್ನದೇ ಹೆಬ್ಬೆರಳಿಟ್ಟು ನೋಡಿದೆ. ತೆಗೆದು ನೋಡಿದೆ. ಮತ್ತೆ ಇಟ್ಟು.
ಅಳತೆಪಟ್ಟಿ ಒತ್ತಿ ಒಂದೇ ಎಳೆತಕ್ಕೆ ಬ್ಲೇಡು ಹಾಯಿಸಿದೆ.

ಬೆರಳಗಲದ ಪಟ್ಟಿಯಲ್ಲಿ ಕೆಳಗೆ ಬಿದ್ದವಳು ಮಕ್ವಲಾ.
ತೊಟ್ಟಿಲು ನಿಲ್ದಾಣದಲ್ಲಿ ಸನ್ನೆಕೋಲು ಎಳೆಯುವವಳು,
ನಾನು ಕಾಯುವಾಗ ತನ್ನ ಸ್ಟೂಲು ಕೊಟ್ಟವಳು,
"ನಾನೂ ಬಿದ್ದೆನಾ ಚಿತ್ರದಲ್ಲಿ?" ಎಂದು ಕೇಳಿದವಳು.
ಹೂಂ ಅಂದಿದ್ದೆ,
ಸುಳ್ಳೆಂದುಕೊಂಡೇ.

ಕೊಯ್ಯದ ಇನ್ನೊಂದು ಪ್ರತಿ ಒಯ್ದುಕೊಟ್ಟೆ.
ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು.
ತೇಪೆಯನ್ನು ಉಗುರಿನಿಂದ ಮೆಲ್ಲಗೆ ಕೆರೆದಳು,
ಬಿಚ್ಚಿಕೊಂಡಿದೆಯೋ ಎಂದು ನೋಡುವಂತೆ.
ಆಮೇಲೆ ತೊಟ್ಟಿಲಿಗೆ ಬೊಟ್ಟು ಮಾಡಿ:
"ಇದನ್ನೇಕೆ ಖಾಲಿ ತೆಗೆದೆ?
ನಾಲ್ಕು ಹತ್ತರದ್ದು ಖಾಲಿ ಹೋದದ್ದೇ ಇಲ್ಲ.
ಮೇಲಿನ ಓಣಿಗೆ ರೊಟ್ಟಿ ಹೋಗೋದು ಇದರಲ್ಲೇ.
ಬುಟ್ಟಿ ಕಿಟಕಿಗಿಂತ ಕೆಳಗಿರುತ್ತೆ, ನಿನಗೆ ಕಾಣಲಿಲ್ಲ."

ಅಷ್ಟು ಜತನದಿಂದ ನಾನು ಒಂಟಿ ಮಾಡಿದ್ದು
ಬಿಸಿ ರೊಟ್ಟಿ ತುಂಬಿಕೊಂಡು ಹೋಗುತ್ತಿತ್ತು.

ಗಂಟೆ ಬಾರಿಸಿತು. ಸ್ಟೂಲು ನನ್ನ ಕಡೆ ತಳ್ಳಿ
ಸನ್ನೆಕೋಲಿಗೆ ಕೈಹಾಕಿದಳು.
ಎಳೆಯುವಾಗ ಮೊಣಕೈ ನನ್ನ ಭುಜಕ್ಕೆ ಬಡಿಯಿತು.
ಅವಳಿಗದು ತಿಳಿಯಲಿಲ್ಲ.