ಕೆಂಪು ನೂಲು

ಬಾಚಾ ಹೊಳೆಯ ಅಂಚು ಹೆಪ್ಪುಗಟ್ಟಿದ ತಿಂಗಳು.
ಅಡುಗೆಮನೆ ಮೇಜಿಗೆ ಇಕ್ಕಳ ಬಿಗಿದು
ಲುಡ್ವಿಕ್ ಮಾವನಿಗೆ ನೊಣ ಕಟ್ಟುತ್ತಿದ್ದೆ:
ಹುಂಜದ ಕತ್ತಿನ ಗರಿ, ಮೊಲದ ಕಿವಿಯ ತುಪ್ಪಳ,
ಅಕ್ಕಿಕಾಳಿನಷ್ಟು ಕೊಕ್ಕೆ.
ಕಂದು ನೂಲು ತೀರಿತು. ಅಂಗಡಿ ಕಣಿವೆಯಾಚೆ, ಹಿಮ ಮೊಣಕಾಲಿಗೆ.
ಅಜ್ಜಿಯ ಹೊಲಿಗೆಪೆಟ್ಟಿಗೆಯ ಕೆಂಪೇ ಸಾಕೆಂದು ಸುತ್ತಿದೆ.
"ಕೆಂಪು ನಡುವಿನ ನೊಣ ಯಾವ ಊರಿನದು, ಬ್ರೇದಾ?"
ಅಂದವನು ಟೋಪಿಗೆ ಸಿಕ್ಕಿಸಿಕೊಂಡ.

ಏಪ್ರಿಲ್. ನೀರು ಹಾಲು ಬೆರೆತ ಹಸಿರು.
ಮಾವ ಗಾಳ ಮುಟ್ಟುವುದಿಲ್ಲ.
ಕಲ್ಲು ಮಗುಚುತ್ತಾನೆ, ಅಡಿಯ ಹುಳ ಎಣಿಸುತ್ತಾನೆ,
ಇದ್ದಂತೆಯೇ ಮತ್ತೆ ಮುಚ್ಚುತ್ತಾನೆ
ನಿದ್ದೆಯಲ್ಲಿರುವವರ ಹೊದಿಕೆ ಎಳೆದ ಹಾಗೆ.

ಜೂನಿನ ಸಂಜೆ, ನೀರಿನಿಂದ ರೆಕ್ಕೆ ಏಳುವ ಹೊತ್ತು.
ಒಂದೇ ದಿನದ ಆಯುಸ್ಸು, ಆದರೂ ಅವಸರವಿಲ್ಲ ಅವಕ್ಕೆ.
ದಾರ ಹಿಂದಕ್ಕೆ ಹೋಗಿ, ಗಾಳಿಯಲ್ಲಿ ಒಂದು ಕ್ಷಣ ತಡೆದು,
ಮುಂದೆ ಬಂದು ಮಲಗಿತು.
ಒಂದು ಸುಳಿ. ಒಂದು ಎಳೆತ.
ಪುಟ್ಟೆಂದಿತು ದಾರ.
ಬೈಯಲಿಲ್ಲ. ಪೈಪು ಹೊತ್ತಿಸಿದ.

ಸೆಪ್ಟೆಂಬರ್ ಕೊನೆಯ ದಿನ. ನಾಳೆಯಿಂದ ಹೊಳೆ
ಟ್ರೌಟ್‌ಗೆ, ಅದರ ಮೊಟ್ಟೆಗೆ, ಚಳಿಗೆ.
ಸೇತುವೆ ಕೆಳಗಿನ ಮಡುವಿನಿಂದ ಕತ್ತಲಲ್ಲಿ ಬಂದ,
ತೋಳಿನವರೆಗೆ ಒದ್ದೆ, ಕೈಯಲ್ಲಿ ಮೀನಿಲ್ಲ.
ಉಪ್ಪಿನ ಬಟ್ಟಲ ಪಕ್ಕ ತುಕ್ಕಿನ ಚೂರೊಂದು ಇಟ್ಟ.
ಗರಿ ಉದುರಿತ್ತು. ಕೆಂಪು ಎರಡು ಸುತ್ತು ಉಳಿದಿತ್ತು.
"ದವಡೆಯಲ್ಲಿತ್ತು. ಕಿತ್ತು, ಮೀನು ಬಿಟ್ಟೆ.
ಮುಳ್ಳು ಅಮುಕಲು ಮರೆತಿದ್ದೀಯ."

ಆಮೇಲೆ ಸೂಪು ಕುಡಿದೆವು.
ಅವನು ಮಲಗಿದ ಮೇಲೆ ಬೆರಳ ತುದಿಯಿಂದ
ಆ ಮುಳ್ಳನ್ನು ಮುಟ್ಟಿ ನೋಡಿದೆ.
ನೂರು ದಿನ ನೀರಲ್ಲಿದ್ದೂ
ಇನ್ನೂ ಹಿಡಿಯುತ್ತಿತ್ತು.