ಹನ್ನೊಂದು ತಿಂಗಳ ವರ್ಷ

ಗ್ರೀನಕ್ಕಿನ ಏಜೆಂಟು ರ‍್ಯಾಂಕಿನ್
ಕ್ಯಾಲ್ಕುಲೇಟರ್ ಒತ್ತಿ ನನ್ನತ್ತ ತಿರುಗಿಸಿದ:
ಬೆಲೆ ಮೂವತ್ತೆಂಟು ಸಾವಿರ ಪೌಂಡು,
ತಿಂಗಳಿಗೆ ನಾನೂರು, ಹನ್ನೆರಡು ತಿಂಗಳು.
'ನೂರಕ್ಕೆ ಹನ್ನೆರಡೂವರೆ, ಮಿಸೆಸ್ ಗೆಡ್ಡಿಸ್,
ಯಾವ ಬ್ಯಾಂಕು ಕೊಡುತ್ತದೆ ಹೇಳಿ.'

ನಾನು ಇಪ್ಪತ್ತೊಂಬತ್ತು ವರ್ಷ
ಶಾಲೆಯ ಅಡುಗೆಮನೆಯಲ್ಲಿದ್ದವಳು.
ಆಲೂಗಡ್ಡೆಯನ್ನು ಸಿಪ್ಪೆ ಸಮೇತ ತೂಗಿ
ಮುನ್ನೂರು ತಟ್ಟೆಯ ಲೆಕ್ಕ ಹಾಕಿದರೆ
ಕೊನೆಯ ಸಾಲಿನ ಮಕ್ಕಳು ಹಸಿದು ಹೋಗುತ್ತವೆ.

ರಾತ್ರಿ ಒಂದು ಹಳೇ ಲಕೋಟೆ ಬಿಡಿಸಿ
ಅದರ ಬೆನ್ನ ಮೇಲೆ ಸುಲಿಯತೊಡಗಿದೆ.

ಮೊದಲನೆಯದಾಗಿ, ಬೆಲೆಯೇ ಬೆಲೆಯಲ್ಲ.
ವಕೀಲನಿಗೆ ಸಾವಿರದೈನೂರು.
ವೈರಿಂಗು, ಬಣ್ಣ, ಹಿಂದಿನವರು ಕಿತ್ತುಕೊಂಡು ಹೋದ ಒಲೆ,
ನಾಲ್ಕೂವರೆ ಸಾವಿರ. ಒಟ್ಟು ನಲವತ್ನಾಲ್ಕು.
ನನ್ನ ನಿವೃತ್ತಿಯ ಇಡುಗಂಟು ಅಷ್ಟೇ,
ಮೇಲೆ ಒಂದು ಕೋಟಿಗಾಗುವ ದುಡ್ಡು.

ಆಮೇಲೆ ವರ್ಷ.
ಬಾಡಿಗೆಮನೆಯ ವರ್ಷಕ್ಕೆ ಹನ್ನೊಂದೇ ತಿಂಗಳು:
ಒಬ್ಬರು ಹೋಗಿ ಇನ್ನೊಬ್ಬರು ಬರುವ ನಡುವೆ
ಗೋಡೆಗಳೇ ವಾಸವಿರುತ್ತವೆ,
ಗೋಡೆಗಳು ಬಾಡಿಗೆ ಕೊಡುವುದಿಲ್ಲ.
ನಾಲ್ಕು ಸಾವಿರದ ನಾನೂರು.
ಕಟ್ಟಡ ನೋಡಿಕೊಳ್ಳುವವರಿಗೆ ನಾನೂರ ಎಂಬತ್ತು,
ವಿಮೆಗೆ ಇನ್ನೂರ ಇಪ್ಪತ್ತು,
ಗ್ಯಾಸು ಮೂಸಿ ಸಹಿ ಹಾಕುವ ಹುಡುಗನಿಗೆ ಎಂಬತ್ತು,
ಇನ್ನೂ ಕೆಡದಿರುವುದೆಲ್ಲ ಕೆಡುವ ದಿನಕ್ಕೆ ಒಂಬೈನೂರು.
ಉಳಿದದ್ದು ನೂರಕ್ಕೆ ಆರು, ಚಿಲ್ಲರೆ.
ಅರ್ಧಕ್ಕರ್ಧ ಸಿಪ್ಪೆ.
ಆದರೂ ಕೊಂಡೆ.

(ಮೆಟ್ಟಿಲು ಉಜ್ಜಿದ ಶನಿವಾರಗಳು,
ಬೀಗದವನಿಗೆ ಕಾದು ಕಳೆದ ಮಧ್ಯಾಹ್ನಗಳು
ಆಟಕ್ಕುಂಟು, ಲೆಕ್ಕಕ್ಕಿಲ್ಲ.)

ಮನೆ ನೋಡಲು ರೋಡಿಕಾ ಬಂದಳು,
ವೃದ್ಧಾಶ್ರಮದಲ್ಲಿ ರಾತ್ರಿಪಾಳಿ, ಏಳು ವರ್ಷದ ಮಗ.
ನಲ್ಲಿ ತಿರುಗಿಸಿದಳು, ಕಿಟಕಿಯ ಸಂದಿಗೆ
ಅಂಗೈ ಹಿಡಿದು ಗಾಳಿ ಅಳೆದಳು.
'ಚಳಿಗಾಲದಲ್ಲಿ ಬಿಸಿಗೆ ತಿಂಗಳಿಗೆಷ್ಟು?'
ನನ್ನ ಲಕೋಟೆಯಲ್ಲಿ ಆ ಸಾಲೇ ಇರಲಿಲ್ಲ.
ಅವಳ ಕೈಯಲ್ಲೂ ಒಂದು ಪುಟ್ಟ ಪುಸ್ತಕ, ಮೊಂಡು ಪೆನ್ಸಿಲು.
ಅವಳೂ ಸುಲಿಯುತ್ತಿದ್ದಳು.

ಒಂಬೈನೂರನ್ನು ಬಾಯ್ಲರು ನವೆಂಬರಿನಲ್ಲೇ ನುಂಗಿತು.
ಮಾರ್ಚಿಗೆ ಛಾವಣಿ.
ಎಂಟು ಮನೆ, ನನ್ನ ಎಂಟನೇ ಒಂದು ಪಾಲು
ಎರಡು ಸಾವಿರದ ಆರುನೂರು.
ಮೇಲೆ ಹತ್ತಿದವನು ಕೂಗಿದ: ಇಲ್ಲಿಂದ
ನದಿ ಚೆನ್ನಾಗಿ ಕಾಣುತ್ತದೆ!
ಆ ಬೆಲೆಗೆ ಸಮುದ್ರವೇ ಕಾಣಬೇಕಿತ್ತು.
ಉಳಿದದ್ದು ನೂರಿಪ್ಪತ್ತು ಪೌಂಡು. ನೂರಕ್ಕೆ ಕಾಲು.

'ಐವತ್ತು ಏರಿಸಿ,' ಅಂದ ರ‍್ಯಾಂಕಿನ್.
ಮತ್ತೆ ಲಕೋಟೆ. ಐವತ್ತು, ಹನ್ನೊಂದು ಸಲ.
ಅವಳು ಬಿಟ್ಟು ಹೋದರೆ ಒಂದು ಖಾಲಿ ತಿಂಗಳು,
ಹೊಸ ಬಣ್ಣ, ರ‍್ಯಾಂಕಿನ್ನನ ಕಮಿಷನ್ನು.
ಹದಿನೈದು ಎಂದು ಬರೆದೆ.
ದಯೆಯೆಂದುಕೊಂಡು ರೋಡಿಕಾ ಒಂದು ಬಾಟಲಿ
ಹುಳಿ ಚೆರ‍್ರಿಯ ಜಾಮು ತಂದುಕೊಟ್ಟಳು.
ತಿದ್ದಲಿಲ್ಲ ನಾನು.
ಅದು ದಯೆಯಿರಲೂಬಹುದು, ಭಾಗಿಸಿ ನೋಡಿಲ್ಲ.

ಖಾಲಿ ಎಂದು ಗುರುತು ಹಾಕಿದ್ದ ಜುಲೈ ಬಂತು.
ಒಂದು ಸಂಜೆ ಎದುರಿನ ಬಸ್‌ಸ್ಟಾಪಿನಲ್ಲಿ ಹಳೇ ಕೋಟಿನಲ್ಲೇ ನಿಂತು
ಮೂರನೇ ಮಹಡಿ ನೋಡಿದೆ.
ಹುಡುಗ ಕಿಟಕಿಯ ಗಾಜಿಗೆ ಮೂಗೊತ್ತಿ
ಹೋಗುವ ಬಸ್ಸುಗಳನ್ನು ಎಣಿಸುತ್ತಿದ್ದ.